ಪ್ಯಾಚ್ ಬಂದಿದೆ, ಹಾಕೋದು ಯಾವಾಗ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಹಕಾರಿ ಬ್ಯಾಂಕುಗಳಲ್ಲಿ ಸಾಫ್ಟ್‌ವೇರ್ ಬದಲಾವಣೆ ತಡವಾದರೆ ಬೈಗುಳ ಬೀಳುವುದು ವೆಂಡರ್‌ಗೆ. ಅದು ಅರ್ಧ ಸರಿ. ಎಲ್ಲ ಶಾಖೆಗಳ ಖಾತೆ ನಡೆಸುವ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಅವರದ್ದು, ಕೋಡ್ ಅವರದ್ದು. ಬ್ಯಾಂಕಿನ ಐಟಿ ವಿಭಾಗ ಎಂದರೆ ಇಬ್ಬರೋ ಮೂವರೋ. ಆದರೆ ಯಾವುದಾದರೂ ಒಂದು ಬದಲಾವಣೆಯ ದಿನಾಂಕಗಳನ್ನು ಸಾಲಾಗಿ ಬರೆದು ನೋಡಿ: ಕೇಳಿದ್ದು ಯಾವತ್ತು, ವೆಂಡರ್‌ನ ಪ್ರಶ್ನೆಗಳಿಗೆ ಬ್ಯಾಂಕು ಉತ್ತರ ಕೊಟ್ಟಿದ್ದು ಯಾವತ್ತು, ಪ್ಯಾಚ್, ಅಂದರೆ ಸಾಫ್ಟ್‌ವೇರಿನ ತಿದ್ದುಪಡಿ, ಬಂದದ್ದು, ಪರೀಕ್ಷೆ ಶುರುವಾದದ್ದು, ಲೈವ್ ಆದದ್ದು. ಕೋಡ್ ಬರೆದ ದಿನಗಳಿಗಿಂತ ಕಾದು ಕೂತ ದಿನಗಳೇ ಜಾಸ್ತಿ ಇರುತ್ತವೆ. ಅದರಲ್ಲಿ ಒಳ್ಳೆಯ ಪಾಲು ಬ್ಯಾಂಕಿನ ಮೇಜಿನ ಮೇಲೆ ಕಳೆದದ್ದೇ. ಕೋಡ್ ಕೈಯಲ್ಲಿ ಇಲ್ಲದಿದ್ದರೂ ಆ ಪಾಲನ್ನು ಕಡಿಮೆ ಮಾಡಿಕೊಳ್ಳಬಹುದು.

ಮೊದಲು ಕೇಳುವ ರೀತಿ. ‘ಅವಧಿಗೆ ಮುಂಚೆ ಮುರಿದ ಠೇವಣಿಯ ಬಡ್ಡಿ ಸರಿ ಮಾಡಿಕೊಡಿ’ ಎಂಬ ಒಂದು ಸಾಲಿನ ಇಮೇಲ್‌ಗೆ ಹತ್ತು ಪ್ರಶ್ನೆ ಬಂದೇ ಬರುತ್ತವೆ. ಬದಲಿಗೆ ಲೆಕ್ಕವನ್ನೇ ಬಿಡಿಸಿ ಕಳಿಸಿ. ಉದಾಹರಣೆಗೆ 2,00,000 ರೂಪಾಯಿ, ಒಂದು ವರ್ಷಕ್ಕೆ, ಸರಳ ಬಡ್ಡಿ ಶೇ 7. 200ನೇ ದಿನಕ್ಕೆ ಮುರಿದರು. ಆ ಅವಧಿಗೆ ಸಲ್ಲುವ ದರ ಶೇ 6, ದಂಡ ಶೇ 1 ಕಳೆದರೆ ಶೇ 5. ಬಡ್ಡಿ 5,479.45, ಗ್ರಾಹಕರ ಕೈಗೆ 5,479. ಜೊತೆಗೆ ಅಧಿಕ ವರ್ಷದಲ್ಲಿ ಭಾಗಿಸುವುದು 365ರಿಂದಲೋ 366ರಿಂದಲೋ, ಪೈಸೆ ಬಿಡುವುದು ಪ್ರತಿ ತ್ರೈಮಾಸಿಕಕ್ಕೋ ಕೊನೆಯಲ್ಲೊಮ್ಮೆಯೋ, ಈಗಾಗಲೇ ಶೇ 7ರಂತೆ ಕೊಟ್ಟ ಬಡ್ಡಿಯನ್ನು ಅಸಲಿನಿಂದ ಮುರಿದುಕೊಳ್ಳಬೇಕೋ ಎಂಬುದೂ ಇರಲಿ. ಇಂಥ ನಾಲ್ಕು ಉದಾಹರಣೆ ಇದ್ದರೆ ಅದೇ ಕೋರಿಕೆ, ಅದೇ ಪರೀಕ್ಷಾ ಪಟ್ಟಿ. ಬರೆಯಬೇಕಾದವರು ಐಟಿಯವರಲ್ಲ, ಠೇವಣಿ ಕೌಂಟರ್‌ನಲ್ಲಿ ಕೂರುವವರು.

ಬಡ್ಡಿ ದರ ಬದಲಿಸಲು ಪ್ಯಾಚ್ ಬೇಕಾಗುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ದರ, ದಂಡ, ಮಿತಿ ಎಲ್ಲವೂ ಜಾರಿ ದಿನಾಂಕದ ಸಮೇತ ಬ್ಯಾಂಕಿನವರೇ ಕೋಡ್ ಮುಟ್ಟದೆ ಬದಲಿಸಬಹುದಾದ ಪ್ಯಾರಾಮೀಟರ್ ಟೇಬಲ್‌ನಲ್ಲಿ ಇರಬೇಕು.

ಬದಲಾವಣೆಯನ್ನು ಚಿಕ್ಕದಾಗಿ ಒಡೆಯುವುದು ಹೇಗೆ ಎನ್ನುವುದಕ್ಕೆ ನಾಮಿನಿ ವಿಷಯ ಒಳ್ಳೆಯ ಉದಾಹರಣೆ. 2025ರ ನವೆಂಬರ್ 1ರಿಂದ ಠೇವಣಿ ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಒಟ್ಟಿಗೆ ಪಾಲು ಹಂಚಿ ಅಥವಾ ಒಬ್ಬರ ನಂತರ ಒಬ್ಬರಂತೆ. ಲಾಕರ್‌ಗೆ ಎರಡನೆಯ ಕ್ರಮ ಮಾತ್ರ. ಹಳೆಯ ಸಾಫ್ಟ್‌ವೇರ್‌ನಲ್ಲಿ ನಾಮಿನಿ ಎಂದರೆ ಖಾತೆಯ ಮೂಲ ದಾಖಲೆಯಲ್ಲಿ (ಮಾಸ್ಟರ್) ಒಂದೇ ಕಾಲಂ. ಇದನ್ನು ಒಂದೇ ಏಟಿಗೆ ಬದಲಿಸಹೊರಟರೆ ಪಾಸ್‌ಬುಕ್, ವರದಿ, ಮರಣೋತ್ತರ ಕ್ಲೇಮ್ ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ಮೂರು ಕಂತಿನಲ್ಲಿ ಮಾಡುವುದು ವಾಸಿ. ಮೊದಲ ಕಂತಿನಲ್ಲಿ ಹೊಸ ಟೇಬಲ್ ಸೇರಿಸಿ, ಹಳೆಯ ಹೆಸರುಗಳನ್ನು ಅಲ್ಲಿಗೆ ನಕಲಿಸಿ. ಹೊಸ ನಮೂದು ಎರಡೂ ಕಡೆ ಬೀಳಲಿ. ಎರಡನೆಯದರಲ್ಲಿ ಮುದ್ರಣ, ವರದಿ, ಕ್ಲೇಮ್ ಪರದೆಗಳು ಹೊಸ ಟೇಬಲನ್ನು ಓದಲಿ. ಹಳೆಯ ಕಾಲಂ ಮುಚ್ಚುವುದು ಮೂರನೆಯದರಲ್ಲಿ. ಮೊದಲ ಎರಡು ಕಂತುಗಳ ನಡುವೆ ಒಂದು ಅಪಾಯವಿದೆ: ಕ್ಲೇಮ್ ಪರದೆಗೆ ಇನ್ನೂ ಮೊದಲ ಹೆಸರೊಂದೇ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ನಾಮಿನಿ ಇರುವ ಖಾತೆಗೆ ಅಷ್ಟು ದಿನ ಆ ಪರದೆಯನ್ನು ತಡೆಹಿಡಿಯದಿದ್ದರೆ ಪೂರ್ತಿ ಹಣ ಒಬ್ಬರಿಗೇ ಹೋದೀತು. ಮೂವರಿಗೆ 33.33ರಂತೆ ಹಂಚಿದಾಗ ಮೊತ್ತ 99.99 ಆಗಿ ಪರದೆ ಒಪ್ಪದೆ ಕೂರುವುದು, ನಾಲ್ಕು ಹೆಸರು ಪಾಸ್‌ಬುಕ್‌ನ ಮೊದಲ ಪುಟದಲ್ಲಿ ಹಿಡಿಸದಿರುವುದು, ಹಿಂದೆ ನುಡಿ ಫಾಂಟ್‌ನಲ್ಲಿ ತುಂಬಿದ ಹೆಸರು ಯೂನಿಕೋಡ್ ಪರದೆಯಲ್ಲಿ ಚಿತ್ರವಿಚಿತ್ರವಾಗಿ ಕಾಣುವುದು, ಇವೂ ಪರೀಕ್ಷೆಯ ಪಟ್ಟಿಯಲ್ಲಿರಲಿ.

ಪರೀಕ್ಷೆ ಎಂದರೆ ಪರದೆ ತೆರೆದು ಎರಡು ನಮೂದು ಹಾಕಿ ‘ಓಕೆ’ ಅನ್ನುವುದಲ್ಲ. ಲೈವ್ ಬ್ಯಾಕಪ್ಪನ್ನು ಪರೀಕ್ಷಾ ಸರ್ವರ್‌ಗೆ ಇಳಿಸಿ, ಹೆಸರು, ಆಧಾರ್, ಪ್ಯಾನ್ ಮರೆಮಾಚಿ, ಎಲ್ಲ ಮೊಬೈಲ್ ನಂಬರ್ ಬದಲಿಸಿ. ಎಸ್‌ಎಂಎಸ್ ಗೇಟ್‌ವೇ ಮತ್ತು ಪಾವತಿ ಫೈಲ್ ಹೋಗುವ ದಾರಿಯನ್ನು ನೆಟ್‌ವರ್ಕ್ ಮಟ್ಟದಲ್ಲೇ ಕಡಿಯಬೇಕು. ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದರೆ ಸಾಲದು, ಮುಂದಿನ ಬ್ಯಾಕಪ್ ಇಳಿಸಿದಾಗ ಅದು ಮತ್ತೆ ಆನ್ ಆಗಿಯೇ ಬರುತ್ತದೆ. ಆಮೇಲೆ ಇಲ್ಲದ ಹಣ ಜಮೆಯಾಯಿತೆಂದು ಗ್ರಾಹಕರಿಗೆ ಮೆಸೇಜ್. ನಂತರ ಪರೀಕ್ಷಾ ಸರ್ವರ್‌ನ ದಿನಾಂಕವನ್ನು ಮಾರ್ಚ್ 30ಕ್ಕೆ ಇಟ್ಟು ಮೂರು ಡೇ ಎಂಡ್ (ದಿನದ ಲೆಕ್ಕ ಮುಚ್ಚಿ ಮರುದಿನ ತೆರೆಯುವ ಕೆಲಸ) ಓಡಿಸಿ, ಏಪ್ರಿಲ್ 1 ದಾಟುವವರೆಗೆ. ಬ್ಯಾಂಕಿನ ಸಾಫ್ಟ್‌ವೇರ್ ಮುಗ್ಗರಿಸುವುದು ಹಗಲಿಗಿಂತ ಡೇ ಎಂಡ್‌ನಲ್ಲೇ ಹೆಚ್ಚು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯಿತೆಂದು ಎದ್ದು ಹೋಗಬೇಡಿ. ತಪ್ಪು ಬಡ್ಡಿ ಎರಡೂ ಕಡೆ ಅಷ್ಟೇ ಬಿದ್ದರೆ ಅದೂ ಟ್ಯಾಲಿ ಆಗುತ್ತದೆ. ಅದಕ್ಕಾಗಿ ಮೂವತ್ತು-ನಲವತ್ತು ಖಾತೆಗಳನ್ನು ಆರಿಸಿ, ಬರಬೇಕಾದ ಮೊತ್ತವನ್ನು ಕೈಲೆಕ್ಕ ಮಾಡಿ ಇಟ್ಟುಕೊಳ್ಳಿ: ಜಂಟಿ ಖಾತೆ, ಅಪ್ರಾಪ್ತರದ್ದು, ಎರಡು ವರ್ಷ ವಹಿವಾಟಿಲ್ಲದ್ದು, ಚಿನ್ನದ ಸಾಲ, ಅಡಿಕೆ ಬೆಳೆಗಾರರ ಬೆಳೆಸಾಲ, ಮರುಪಾವತಿ ನಿಂತ ಸಾಲ (ಎನ್‌ಪಿಎ), ಸಿಬ್ಬಂದಿ ಸಾಲ. ಪ್ರತಿ ಪ್ಯಾಚ್‌ಗೂ ಅದೇ ಖಾತೆಗಳು. ಹೋಲಿಸುವ ಕೆಲಸವನ್ನು ಎಕ್ಸೆಲ್‌ಗೆ ವಹಿಸಿದರೆ ಎರಡು ದಿನದ ಪರೀಕ್ಷೆ ಅರ್ಧ ದಿನಕ್ಕೆ ಇಳಿಯುತ್ತದೆ.

ಯಾವ ದಿನ ಹಾಕಬೇಕು? ರಜೆ ಎಂಬ ಕಾರಣಕ್ಕೆ ಎಲ್ಲರೂ ಎರಡನೇ ಶನಿವಾರ ಹುಡುಕುತ್ತಾರೆ. ಶಾಖೆಗೆ ರಜೆ, ಯುಪಿಐಗೆ ಇಲ್ಲ. ನೆಫ್ಟ್ 2019ರ ಡಿಸೆಂಬರ್‌ನಿಂದಲೇ ದಿನದ 24 ಗಂಟೆ ನಡೆಯುತ್ತಿದೆ. ಅಂದು ವೆಂಡರ್ ಕಡೆ ಫೋನ್ ಎತ್ತುವವರೂ ಕಡಿಮೆ. ಎಡವಟ್ಟು ಕಣ್ಣಿಗೆ ಬೀಳುವುದು ಸೋಮವಾರ, ಕೌಂಟರ್ ಮುಂದೆ ಸಾಲು ನಿಂತಾಗ. ಡೇಟಾಬೇಸ್ ದೊಡ್ಡದಾಗಿ ಬದಲಾಗುವ ಪ್ಯಾಚ್‌ಗೆ ಮಾತ್ರ ಶನಿವಾರ ಇರಲಿ, ಉಳಿದದ್ದಕ್ಕೆ ಮಂಗಳವಾರದ ಡೇ ಎಂಡ್ ಮುಗಿದ ಮೇಲೆ. ಪರದೆಯ ಬದಲಾವಣೆಗಳನ್ನು ಶಾಖೆವಾರು ಆನ್ ಮಾಡುವಂತಿದ್ದರೆ ಮೊದಲು ಒಂದು ಮಧ್ಯಮ ಗಾತ್ರದ ಶಾಖೆಯಲ್ಲಿ ಎರಡು ದಿನ ನೋಡಿ. ಟೇಬಲ್ ಬದಲಾವಣೆಗೆ ಆ ಅನುಕೂಲವಿಲ್ಲ, ಡೇಟಾಬೇಸ್ ಎಲ್ಲರಿಗೂ ಒಂದೇ.

ಹಿಂದಕ್ಕೆ ತೆಗೆಯುವ ಗಡುವನ್ನೂ ಮೊದಲೇ ಬರೆದಿಡಬೇಕು. ಕೋಡ್ ಯಾವಾಗ ಬೇಕಾದರೂ ಹಿಂದೆ ಹೋದೀತು, ಡೇಟಾ ಹೋಗದು. ಹೊಸ ವಹಿವಾಟು ಬಿದ್ದ ಮೇಲೆ ಹಳೆಯ ಬ್ಯಾಕಪ್ ಇಳಿಸಿದರೆ ಅಷ್ಟೂ ಅಳಿದಂತೆ. ಬ್ಯಾಕಪ್ ಇಳಿಸಲು ಮೂರು ಗಂಟೆ ಬೇಕು, ಶಾಖೆ ತೆರೆಯುವುದು ಹತ್ತಕ್ಕೆ, ನಂತರದ ತಾಳೆಗೆ ಒಂದು ಗಂಟೆ ಎಂದಾದರೆ ಬೆಳಗ್ಗೆ ಆರಕ್ಕೆ ತೀರ್ಮಾನ ಆಗಲೇಬೇಕು. ಆ ಮೂರು ಗಂಟೆ ಎನ್ನುವುದು ಅಂದಾಜಲ್ಲ, ನಿಜವಾಗಿ ಇಳಿಸಿ ಅಳೆದದ್ದಾಗಿರಬೇಕು. ರಾತ್ರಿ ಯುಪಿಐ ತೆರೆದೇ ಇದ್ದರೆ ಗಡುವು ಇನ್ನೂ ಹಿಂದಕ್ಕೆ ಬರುತ್ತದೆ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಹೊಸನಗರ, ಆಗುಂಬೆ ಕಡೆ ಮರ ಬಿದ್ದು ಕರೆಂಟೂ ಫೈಬರೂ ಒಟ್ಟಿಗೆ ಹೋಗುವುದುಂಟು. ಶಾಖೆಯ ಕಂಪ್ಯೂಟರ್‌ಗೆ ದೊಡ್ಡ ಫೈಲ್ ಹೋಗಬೇಕಿದ್ದರೆ ವಾರದ ಮುಂಚೆಯೇ ರಾತ್ರಿ ಹೊತ್ತು ಸ್ವಲ್ಪಸ್ವಲ್ಪವಾಗಿ ಕಳಿಸಿ, ಚಾಲೂ ಮಾಡುವುದನ್ನು ಮಾತ್ರ ಒಂದೇ ಬೆಳಗ್ಗೆಗೆ ಇಟ್ಟುಕೊಳ್ಳಿ. ಹಳೆಯ ಆವೃತ್ತಿಯ ಶಾಖೆಯೂ ಕನಿಷ್ಠ ಒಂದು ವಾರ ಕೆಲಸ ಮಾಡುವಂತಿರಬೇಕು ಎಂದು ವೆಂಡರ್‌ಗೆ ಮೊದಲೇ ಹೇಳಿ.

ಇಷ್ಟೆಲ್ಲ ಮಾಡಿ ‘ಬ್ಯಾಕ್‌ಎಂಡ್‌ನಲ್ಲಿ ಸರಿ ಮಾಡಿದೀವಿ ಸಾರ್’ ಎಂಬುದಕ್ಕೆ ಬಾಗಿಲು ತೆರೆದಿಟ್ಟರೆ ವ್ಯರ್ಥ. ರಿಮೋಟ್‌ನಲ್ಲಿ ಬಂದು ಲೈವ್ ಡೇಟಾಬೇಸ್‌ನಲ್ಲಿ ನೇರವಾಗಿ ತಿದ್ದಿದ್ದು ಪರೀಕ್ಷಾ ಸರ್ವರ್‌ಗೆ ಗೊತ್ತಿಲ್ಲ, ಮುಂದಿನ ಪ್ಯಾಚ್ ಅದನ್ನೇ ಅಳಿಸುತ್ತದೆ. ಪ್ರತಿ ಸ್ಕ್ರಿಪ್ಟೂ ಬ್ಯಾಂಕಿನ ಗಿಟ್‌ನಲ್ಲಿ (ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಡುವ ಸಾಫ್ಟ್‌ವೇರ್) ಇರಲಿ, ಒಬ್ಬರು ಓಡಿಸಲಿ, ಇನ್ನೊಬ್ಬರು ಎಷ್ಟು ಸಾಲು ಬದಲಾಯಿತೆಂದು ನೋಡಿ ಸಹಿ ಹಾಕಲಿ. ಐಟಿ ಹೊರಗುತ್ತಿಗೆ ಕುರಿತು ರಿಸರ್ವ್ ಬ್ಯಾಂಕ್ 2023ರಲ್ಲಿ ಹೊರಡಿಸಿದ ನಿರ್ದೇಶನ ಚಿಕ್ಕ ಗಾತ್ರದ (ಟಿಯರ್ 1, 2ರ) ಪಟ್ಟಣ ಸಹಕಾರಿ ಬ್ಯಾಂಕುಗಳನ್ನು ಹೊರಗಿಟ್ಟಿತ್ತು ನಿಜ. ಆದರೂ ಈ ಷರತ್ತನ್ನು ಕರಾರಿನಲ್ಲಿ ಹಾಕಿಸಿಕೊಳ್ಳಲು ಅದು ಅಡ್ಡಿಯಲ್ಲ.

ಪಟ್ಟಿಯಲ್ಲಿ ಸದಾ ಬಿಟ್ಟುಹೋಗುವುದು ಪಿಗ್ಮಿ ಯಂತ್ರ, ಅಂದರೆ ಏಜೆಂಟರು ದಿನದ ಉಳಿತಾಯದ ಹಣ ಸಂಗ್ರಹಿಸುವಾಗ ನಮೂದಿಸುವ ಕೈಯಂತ್ರ. ಏಜೆಂಟರು ಬೆಳಗ್ಗೆ ಖಾತೆಗಳ ಫೈಲ್ ಇಳಿಸಿಕೊಂಡು ಹೋಗಿ, ಸಂಜೆ ಅಥವಾ ಮರುದಿನ ಸಂಗ್ರಹವನ್ನು ಏರಿಸುತ್ತಾರೆ. ನಡುವೆ ಫೈಲಿನ ನಮೂನೆ ಬದಲಾದರೆ ಹಣ ಏಜೆಂಟರ ಕೈಯಲ್ಲಿ, ಖಾತೆಯಲ್ಲಿ ಸೊನ್ನೆ. ಪ್ಯಾಚ್ ಹಾಕುವ ಮುಂಚೆ ಎಲ್ಲ ಯಂತ್ರಗಳ ಸಂಗ್ರಹ ಏರಿಸಿ ಖಾಲಿ ಮಾಡಿಸಿ, ಮರುದಿನ ಬೆಳಗ್ಗೆ ಹೊಸ ಫೈಲ್ ಕೊಟ್ಟೇ ಹೊರಗೆ ಕಳಿಸಿ.