ಹಣೆಗೊಂದು ದೀಪ: ಕಕ್ಕಬ್ಬೆಯಲ್ಲಿ ಮೂರು ರಾತ್ರಿ

ಎರಡು ವರ್ಷದ ಹಿಂದೆ ಕೊಡಗಿನ ಕಕ್ಕಬ್ಬೆ ಬಳಿಯ ತಡಿಯಂಡಮೋಳ್ ಬೆಟ್ಟ ಇಳಿಯುವಾಗ ನಮಗೆ ಕತ್ತಲಾಗಿತ್ತು. ತುದಿ ಬಿಟ್ಟಾಗ ಮಧ್ಯಾಹ್ನ ಮೂರೂವರೆ, ಬೇಕಾದಷ್ಟು ಹೊತ್ತಿತ್ತು. ಆದರೆ ತುದಿಯ ಕೆಳಗಿನ ಕಡಿದಾದ ಶೋಲಾ ಕಾಡಿನಲ್ಲಿ ಗೆಳೆಯನ ಮೊಣಕಾಲು ಉಳುಕಿತು. ಅಲ್ಲಿಂದ ಮುಂದೆ ಹೆಜ್ಜೆ ಹೆಜ್ಜೆಗೂ ಅವನಿಗೆ ಹೆಗಲು ಕೊಡಬೇಕಾಯಿತು. ಡಿಸೆಂಬರಿನಲ್ಲಿ ಕೊಡಗಿನ ಸೂರ್ಯ ಆರು ಗಂಟೆ ದಾಟುತ್ತಲೇ ಮುಳುಗುತ್ತಾನೆ. ಮರಗಳ ಕೆಳಗಂತೂ ಅದಕ್ಕೂ ಮೊದಲೇ ಕಲ್ಲು ಯಾವುದು, ಬೇರು ಯಾವುದು ಎಂದು ಗೊತ್ತಾಗುವುದಿಲ್ಲ. ಮೂವರ ಹತ್ತಿರ ಮೂರು ಫೋನ್ ಇದ್ದವು. ಬೆಟ್ಟದ ಮೇಲೆ ಇಡೀ ದಿನ ನೆಟ್‌ವರ್ಕ್ ಹುಡುಕಿ ಹುಡುಕಿ ಎರಡರ ಬ್ಯಾಟರಿ ಮುಗಿದಿತ್ತು. ಉಳಿದ ಒಂದನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಗೆಳೆಯನನ್ನು ಹಿಡಿದರೆ, ಜಾರಿದಾಗ ಮರ ಹಿಡಿಯಲು ಕೈಯೇ ಇರಲಿಲ್ಲ. ಕೊನೆಗೆ ಅರಣ್ಯ ಇಲಾಖೆಯ ಸಿಬ್ಬಂದಿಯೇ ಟಾರ್ಚ್ ಹಿಡಿದು ಎದುರು ಬಂದು ನಮ್ಮನ್ನು ಚೆಕ್‌ಪೋಸ್ಟ್ ಮುಟ್ಟಿಸಿದರು. ಅವರ ಆ ಉಪಕಾರ ಇವತ್ತಿಗೂ ನೆನಪಿದೆ.

ಕಳೆದ ಡಿಸೆಂಬರಿನಲ್ಲಿ ಅದೇ ಮೂವರು ಮತ್ತೆ ಹೋದೆವು. ಈ ಸಲ ಮೂವರ ಚೀಲದಲ್ಲೂ ಹಣೆಗೆ ಕಟ್ಟಿಕೊಳ್ಳುವ ಒಂದೊಂದು ಹೆಡ್‌ಲ್ಯಾಂಪ್ ಇತ್ತು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಹೆಡ್‌ಲ್ಯಾಂಪ್ ಇದೆ ಎಂದು ತಡಿಯಂಡಮೋಳನ್ನು ರಾತ್ರಿ ಹತ್ತುವ ಯೋಚನೆ ಮಾಡಬೇಡಿ. ರಾತ್ರಿ ಚಾರಣಕ್ಕೂ, ತುದಿಯಲ್ಲಿ ಟೆಂಟ್ ಹಾಕುವುದಕ್ಕೂ ಅನುಮತಿ ಇಲ್ಲ. ಟಿಕೆಟ್ಟನ್ನು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚಿತವಾಗಿ ಕಾಯ್ದಿರಿಸಬೇಕು. ಒಳಗೆ ಬಿಡುವ ಹೊತ್ತು, ಕೆಳಗಿಳಿದಿರಬೇಕಾದ ಹೊತ್ತು ಎರಡನ್ನೂ ಆಗಲೇ ಗುರುತು ಹಾಕಿಕೊಳ್ಳಿ. ಕೊಡಗಿನ 1,748 ಮೀಟರ್ ಎತ್ತರದ ಈ ಅತಿ ಎತ್ತರದ ಬೆಟ್ಟಕ್ಕೆ ದೀಪ ಬೇಕಾಗುವುದು ಬೆಳಗಿನ ಜಾವ ಹೋಂಸ್ಟೇಯಿಂದ ಗೇಟಿನವರೆಗೆ ನಡೆಯಲು, ಮತ್ತು ಲೆಕ್ಕ ತಪ್ಪಿದ ದಿನ ವಾಪಸ್ ಬರಲು. ನಾವು ಮೂರನೇ ಉಪಯೋಗವನ್ನು ಕಂಡದ್ದು ಕಾಫಿ ತೋಟದಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ದೀಪ ಕೊಳ್ಳುವಾಗ ನಾನೂ ಎಲ್ಲರಂತೆ ಲೂಮೆನ್, ಅಂದರೆ ಬೆಳಕಿನ ಅಳತೆಯ, ಸಂಖ್ಯೆಯ ಹಿಂದೆ ಬಿದ್ದಿದ್ದೆ. ಡಬ್ಬಿಯ ಮೇಲೆ 400, 600, 1,000 ಎಂದೆಲ್ಲ ದಪ್ಪಕ್ಷರದಲ್ಲಿರುತ್ತದೆ. ಕಾಡುದಾರಿಯಲ್ಲಿ ನಡೆಯಲು 50ರಿಂದ 100 ಲೂಮೆನ್ ಸಾಕು. ಕೋಣೆಯಲ್ಲಿ ಚೀಲ ಕಟ್ಟಲು, ನಕ್ಷೆ ನೋಡಲು 5 ಲೂಮೆನ್ ಕೂಡ ಧಾರಾಳ. 200 ದಾಟಿದ ಬೆಳಕು ಬೇಕಾಗುವುದು ದಾರಿ ತಪ್ಪಿದೆಯೇನೋ ಎಂದು ದೂರಕ್ಕೆ ನೋಡುವ ಎರಡು ನಿಮಿಷಕ್ಕೆ ಮಾತ್ರ. ಇನ್ನು ಡಬ್ಬಿಯ ಮೇಲಿನ ಗಂಟೆಗಳ ಲೆಕ್ಕ. ಎಎನ್‌ಎಸ್‌ಐ ಎಫ್‌ಎಲ್ 1 ಎಂಬ ಅಳತೆಯ ಪ್ರಕಾರ, ಬೆಳಕು ಆರಂಭದ ಮಟ್ಟದ ಶೇ. 10ಕ್ಕೆ ಇಳಿಯುವವರೆಗಿನ ಸಮಯವೆಲ್ಲ ಆ ಗಂಟೆಗಳಲ್ಲಿ ಸೇರುತ್ತದೆ. ಅಂದರೆ ಹೇಳಿದ ಅವಧಿಯ ಕೊನೆಯ ಭಾಗದಲ್ಲಿ ನಿಮ್ಮ ಕೈಗೆ ಸಿಗುವುದು ಮಿಣುಕು ಬೆಳಕು. ಹಾಗಾಗಿ ಹೊಸ ದೀಪವನ್ನು ಮನೆಯಲ್ಲೇ ಒಂದು ಸಂಜೆ ಉರಿಸಿಟ್ಟು, ಎಷ್ಟು ಹೊತ್ತಿಗೆ ಮಂಕಾಗುತ್ತದೆ ನೋಡಿಕೊಳ್ಳಿ.

ತೂಕದ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಭಾರದ ದೀಪ ಚೀಲದ ತಳ ಸೇರುತ್ತದೆ, ಇಲ್ಲವೇ ಮನೆಯಲ್ಲೇ ಉಳಿಯುತ್ತದೆ. ಪೆಟ್ಜ್ಲ್ ಕಂಪನಿಯ ಬಿಂದಿ ಎಂಬ ಮಾದರಿಯ ತೂಕ ಬರೀ 35 ಗ್ರಾಂ. ನನ್ನದು ಮೂರು ಎಎಎ ಸೆಲ್ ಹಾಕುವ ಬೇರೆ ದೀಪ, ಅದರ ಇಮ್ಮಡಿಯಷ್ಟು ತೂಗುತ್ತದೆ. ಆದರೂ ಸೆಲ್ಲನ್ನೇ ಆರಿಸಿಕೊಂಡೆ. ಗಾಳಿಮಳೆ ಬಂದರೆ ಇಲ್ಲಿನ ಹಳ್ಳಿಗಳಲ್ಲಿ ಕರೆಂಟು ಹೋಗುತ್ತದೆ, ಚಾರ್ಜರ್ ಇದ್ದೂ ಉಪಯೋಗವಿಲ್ಲ. ಸೆಲ್ಲಾದರೆ ಊರಿನ ಅಂಗಡಿಯಲ್ಲೇ ಸಿಗುತ್ತದೆ. ಗೆಳೆಯರಿಬ್ಬರೂ ಯುಎಸ್‌ಬಿ ಚಾರ್ಜಿನ ಹಗುರ ದೀಪ ತಂದು, ಜತೆಗೆ ಸಣ್ಣ ಪವರ್ ಬ್ಯಾಂಕ್ ಹೊತ್ತರು. ಎರಡೂ ಕೆಲಸ ಮಾಡಿದವು. ನೀರಿನ ವಿಷಯದಲ್ಲಿ, ನೀರು ತಡೆಯುವ ಮಟ್ಟ ಐಪಿಎಕ್ಸ್4 ಎಂದಿದ್ದರೆ ಎರಚಲಿಗೆ ಸಾಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಕೊಡಗಿಗೆ ಹೋಗುವವರು ಮಾತ್ರ ಐಪಿಎಕ್ಸ್7 ಇರುವುದನ್ನೇ ತೆಗೆದುಕೊಳ್ಳಿ, ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಒತ್ತುಗುಂಡಿಯನ್ನು ಲಾಕ್ ಮಾಡುವ ಸೌಲಭ್ಯ ಇದೆಯೇ ಎಂದೂ ನೋಡಿ. ಮೊದಲ ದಿನ ಮೈಸೂರಿನಿಂದ ಬರುವಾಗ ಒಬ್ಬನ ದೀಪ ಚೀಲದೊಳಗೇ ಹೊತ್ತಿಕೊಂಡು, ವಿರಾಜಪೇಟೆ ತಲುಪುವಷ್ಟರಲ್ಲಿ ಅರ್ಧ ಚಾರ್ಜ್ ಖಾಲಿಯಾಗಿತ್ತು.

ಚಾರಣದ ದಿನ ನಾಲ್ಕೂಮುಕ್ಕಾಲಿಗೆ ಎದ್ದೆವು. ಹೊರಗೆ ಬಂದರೆ ಅಂಗಳವೇ ಕಾಣುವುದಿಲ್ಲ, ಅಷ್ಟು ಮಂಜು. ಹುರುಪಿನಲ್ಲಿ ದೀಪವನ್ನು ಪೂರ್ತಿ ಏರಿಸಿದೆ. ಕಣ್ಣ ಮುಂದೆ ಬಿಳಿ ಗೋಡೆ ಎದ್ದು ನಿಂತಿತು. ಮಂಜಿನ ಹನಿಗಳು ಬೆಳಕನ್ನು ನೇರ ಕಣ್ಣಿಗೇ ವಾಪಸ್ ಎಸೆಯುತ್ತವೆ, ದೀಪ ಹಣೆಯ ಮೇಲೆ ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಇನ್ನೂ ಜೋರಾಗಿ. ಪರಿಹಾರ ಸುಲಭ. ಬೆಳಕು ತಗ್ಗಿಸಿ, ದೀಪವನ್ನು ತಲೆಯಿಂದ ತೆಗೆದು ಸೊಂಟದ ಮಟ್ಟದಲ್ಲಿ ಕೈಯಲ್ಲಿ ಹಿಡಿಯಿರಿ, ಅಥವಾ ಪಟ್ಟಿಯನ್ನು ಸೊಂಟಕ್ಕೇ ಕಟ್ಟಿಕೊಳ್ಳಿ. ನಾಲ್ಕು ಹೆಜ್ಜೆ ದಾರಿ ತಟ್ಟನೆ ಕಾಣತೊಡಗುತ್ತದೆ. ಮಂಜಿಲ್ಲದಾಗಲೂ ಈ ಉಪಾಯ ಒದಗುತ್ತದೆ. ಹಣೆಯಿಂದ ಬೀಳುವ ಬೆಳಕಿಗೆ ನೆರಳು ಕಾಣುವುದಿಲ್ಲ, ಉಬ್ಬುತಗ್ಗೆಲ್ಲ ಸಪಾಟಾಗಿ ತೋರುತ್ತದೆ. ಇಳಿಜಾರಿನಲ್ಲಿ ಬೇರಿಗೆ ಕಾಲು ತಾಗಿ ಮುಗ್ಗರಿಸುವುದು ಹೀಗೆಯೇ. ದೀಪ ಕೆಳಕ್ಕೆ ಬಂದರೆ ಪ್ರತಿ ಕಲ್ಲಿಗೂ ನೆರಳು ಹುಟ್ಟುತ್ತದೆ, ಕಾಲಿಗೆ ಅಳತೆ ಸಿಗುತ್ತದೆ.

ನಾಲ್ಕುನಾಡು ಅರಮನೆಯ ಬಳಿ ಬರುವಾಗ ಬೆಳಕು ಮೂಡುತ್ತಿತ್ತು. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಲು ಶುರುಮಾಡಿದ ಅರಮನೆ ಇದು. ಹೆಂಚಿನ ಮಾಡಿನಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಇಳಿದ ಮೇಲೆ ಒಳಗಿನ ಚಿತ್ರಗಳನ್ನು ನೋಡಿ, ಬೆಳಿಗ್ಗೆ ಅದಕ್ಕೆ ಹೊತ್ತು ಕಳೆಯಬೇಡಿ. ಹತ್ತುವ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ಗೇಟು, ತೊರೆ, ದೊಡ್ಡ ಬಂಡೆ, ಹುಲ್ಲುಗಾವಲು, ಕೊನೆಗೆ ಉಸಿರು ಕಟ್ಟಿಸುವ ಶೋಲಾ. ಹನ್ನೊಂದೂವರೆಗೆ ತುದಿ ಬಿಟ್ಟು, ಈ ಸಲ ಹಗಲು ಬೆಳಕಿನಲ್ಲೇ ಕೆಳಗಿಳಿದೆವು. ದೀಪ ಮೇಲಿನ ಜೇಬಿನಲ್ಲೇ ಉಳಿಯಿತು. ಹಾಗೆ ಉಳಿದರೆ ಒಳ್ಳೆಯದೇ.

ತೋಟದ ನಡಿಗೆ ಅದರ ಹಿಂದಿನ ರಾತ್ರಿಯದು. ಆತಿಥೇಯರೇ ಮುಂದೆ ನಡೆದರು. ಅವರಿಲ್ಲದೆ ಹೋಗುವ ಮಾತೇ ಇರಲಿಲ್ಲ, ನೀವೂ ಹೋಗಬೇಡಿ. ಕೊಡಗಿನ ತೋಟಗಳಿಗೆ ಆನೆ ಬರುವುದು ಅಪರೂಪದ ಸಂಗತಿಯಲ್ಲ, ಜನ ಪ್ರಾಣ ಕಳೆದುಕೊಂಡಿದ್ದಾರೆ. ಅವರು ಹೊರಡುವ ಮೊದಲು ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆಯ ಸುದ್ದಿ ಇದೆಯೇ ಎಂದು ನೋಡಿದರು, ಪಕ್ಕದ ತೋಟಕ್ಕೆ ಫೋನ್ ಮಾಡಿದರು, ಆಮೇಲೆ ಮನೆಯಿಂದ ಕೂಗಳತೆಯ ಒಳಗಷ್ಟೇ ಕರೆದೊಯ್ದರು. ಯಾವ ದೀಪವೂ ಆನೆಯನ್ನು ಮುಂಚೆಯೇ ತೋರಿಸುವುದಿಲ್ಲ. ಕಾಫಿ ಗಿಡಗಳ ಸಾಲಿನಲ್ಲಿ ಅದು ಹತ್ತು ಮಾರು ದೂರ ನಿಂತಿದ್ದರೂ ಗೊತ್ತಾಗುವುದಿಲ್ಲ.

ಅವರು ಮೊದಲು ಹೇಳಿದ್ದೇ ಕೆಂಪು ಬೆಳಕಿಗೆ ಬದಲಿಸಿ ಎಂದು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಬಿದ್ದರೆ ಅದೆಲ್ಲ ಒಂದು ಕ್ಷಣಕ್ಕೆ ಹೋಗುತ್ತದೆ. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಮಂದ ಕೆಂಪು ಹೆಚ್ಚು ತಾಗುವುದಿಲ್ಲ. ಹುಳುಗಳ ಕಾಟವೂ ಕಡಿಮೆ. ಬಿಳಿ ದೀಪಕ್ಕೆ ಮುತ್ತಿದ ಪತಂಗಗಳು ನೇರ ಮೂಗು ಬಾಯಿಗೆ ಬರುತ್ತವೆ. ಕೆಂಪಿನ ದೋಷವೆಂದರೆ ಅದರಲ್ಲಿ ಬಣ್ಣ ತಿಳಿಯುವುದಿಲ್ಲ. ಹಾಗಾಗಿ ಹೆಜ್ಜೆ ಇಡುವ ಜಾಗದಲ್ಲಿ ಹಾವಿನ ಅನುಮಾನ ಬಂದರೆ ತಕ್ಷಣ ಬಿಳಿಗೆ ಬನ್ನಿ. ನೆಲವನ್ನಷ್ಟೇ ನೋಡುತ್ತ ನಡೆಯಬೇಡಿ. ಮಲಬಾರ್ ಗುಳಿಮಂಡಲ ಎಂಬ ವಿಷದ ಹಾವು ಪೊದೆಯ ತಗ್ಗು ಕೊಂಬೆಗಳ ಮೇಲೆ ಅಲ್ಲಾಡದೆ ಕೂರುತ್ತದೆ. ಕೊಂಬೆ ಹಿಡಿಯುವ ಮೊದಲು ಅದರ ಮೇಲೆ ಬೆಳಕು ಹಾಯಲಿ.

ಒಂದು ಕಡೆ ಅವರು ನಿಂತು, ಈಗ ಬಿಳಿ ಹಾಕಿ ಹುಲ್ಲು ನೋಡಿ ಎಂದರು. ಹುಲ್ಲಿನ ತುಂಬ ಹಸಿರು ಕಿಡಿಗಳು! ಇಬ್ಬನಿ ಎಂದುಕೊಂಡೆ. ಹತ್ತಿರ ಬಗ್ಗಿದರೆ ಒಂದೊಂದು ಕಿಡಿಯ ಹಿಂದೆಯೂ ಒಂದೊಂದು ಜೇಡ. ತೋಳಜೇಡದ ಕಣ್ಣಿನೊಳಗಿನ ಪದರ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ಅದು ಕಾಣಬೇಕಾದರೆ ದೀಪ ಕಣ್ಣಿನ ಪಕ್ಕದಲ್ಲೇ ಇರಬೇಕು. ದೀಪವನ್ನು ಸೊಂಟದ ಹತ್ತಿರ ಹಿಡಿದು ನೋಡಿದೆ, ಒಂದು ಕಿಡಿಯೂ ಇಲ್ಲ. ಮತ್ತೆ ಹಣೆಗೆ ಏರಿಸಿದೆ, ಹುಲ್ಲೆಲ್ಲ ನಕ್ಷತ್ರ. ಮಂಜಿನಲ್ಲಿ ಕಾಡಿದ ಗುಣವೇ ಇಲ್ಲಿ ವರವಾಯಿತು. ನೀವು ಹೋದಾಗ ಇದನ್ನು ನೋಡದೆ ಬರಬೇಡಿ. ಮಕ್ಕಳಿದ್ದರಂತೂ ಖಂಡಿತ ತೋರಿಸಿ. ಗೂಬೆ, ಪುನುಗುಬೆಕ್ಕು ಕಂಡರೆ ಮಾತ್ರ ಮುಖಕ್ಕೆ ಬೆಳಕು ಹಿಡಿದು ನಿಲ್ಲಬೇಡಿ. ಅರೆಕ್ಷಣ ನೋಡಿ, ಬೆಳಕು ಕೆಳಗಿಳಿಸಿ.

ಮನುಷ್ಯರಿಗೂ ಇದೇ ಮಾತು. ಹೆಡ್‌ಲ್ಯಾಂಪ್ ಕಟ್ಟಿಕೊಂಡು ಎದುರಿಗಿರುವವರ ಕಡೆ ತಿರುಗಿ ಮಾತಾಡಿದರೆ ಅವರು ಕುರುಡಾಗುತ್ತಾರೆ. ದೀಪ ನೆಲದ ಕಡೆ ಬಾಗಿಸುವುದನ್ನು ರೂಢಿ ಮಾಡಿಕೊಳ್ಳಿ. ಆ ರಾತ್ರಿ ಕರೆಂಟು ಹೋದಾಗ ಬಿಳಿ ಪ್ಲಾಸ್ಟಿಕ್ಕಿನ ನೀರಿನ ಬಾಟಲಿಗೆ ದೀಪ ಒಳಮುಖವಾಗಿ ಕಟ್ಟಿ ಊಟದ ಮೇಜಿನ ಮೇಲಿಟ್ಟೆವು. ಇಡೀ ಕೋಣೆಗೆ ಹದವಾದ ಬೆಳಕು, ಯಾರ ಕಣ್ಣಿಗೂ ಚುಚ್ಚಲಿಲ್ಲ. ಕಡುಂಬುಟ್ಟು ಎಂಬ ಅಕ್ಕಿತರಿಯ ಉಂಡೆ, ಕೋಳಿ ಸಾರು ಆ ಬೆಳಕಿನಲ್ಲೇ ಆಯಿತು.

ಮೂರನೆಯ ರಾತ್ರಿ ಪುತ್ತರಿ, ಕೊಡಗಿನ ಸುಗ್ಗಿ ಹಬ್ಬ. ಅದೇ ದಿನ ಬೀಳುತ್ತದೆಂದು ಲೆಕ್ಕ ಹಾಕಿ ಹೋದವರಲ್ಲ. ಮನೆಯವರು ಬನ್ನಿ ಎಂದು ಕರೆದರು. ಹಬ್ಬದ ಮುಹೂರ್ತವನ್ನು ಅಲ್ಲೇ ಹತ್ತಿರದ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯಿಸುತ್ತಾರೆ. ಗದ್ದೆಗೆ ಇಳಿದು ಹೊಸ ಕದಿರು ಕೊಯ್ಯುವುದು ರಾತ್ರಿಯೇ. ತೋಟದ ನೆರಳುಮರಗಳ ಕೆಳಗೆ ಕಗ್ಗತ್ತಲು, ಅಲ್ಲಿ ನಮ್ಮ ಮೂರು ದೀಪಗಳೂ ಉರಿದವು. ಮರಗಳ ಸಾಲು ಮುಗಿದು ಗದ್ದೆ ಬಯಲು ಬಂದಾಗ ಹುಣ್ಣಿಮೆಯ ಬೆಳಕು ಚೆಲ್ಲಿತ್ತು. ಮುಂದೆ ಹೋಗುತ್ತಿದ್ದವರ ಕೈಯ ತಟ್ಟೆಯಲ್ಲಿ ಅಕ್ಕಿಯ ನಡುವೆ ಎಣ್ಣೆದೀಪ. ಯಾರೂ ಹೇಳದೆಯೇ ಮೂವರೂ ಹಣೆಯ ದೀಪ ಆರಿಸಿದೆವು. ಬಂದೂಕಿನ ಸದ್ದು ಗುಡ್ಡಕ್ಕೆ ತಾಗಿ ತಿರುಗಿ ಬಂತು. ಪೊಲಿ ಪೊಲಿ ದೇವಾ ಎಂದು ಎಲ್ಲರೂ ಕೂಗಿದರು, ನಾವೂ ಕೂಗಿದೆವು.

ವಾಪಸ್ ಬರುವಾಗ ಮನೆಯ ಅಜ್ಜಿ ನನ್ನ ಮುಂದಿದ್ದರು, ತೋಳಿನಲ್ಲಿ ಕದಿರಿನ ಕಟ್ಟು. ಮರಗಳ ಕೆಳಗೆ ಬರುತ್ತಲೇ ದೀಪವನ್ನು ಅತಿ ಮಂದಕ್ಕೆ ಇಟ್ಟು, ಸೊಂಟದ ಹತ್ತಿರ ಹಿಡಿದು, ಅವರ ಕಾಲ ಬುಡಕ್ಕೆ ಬೀಳಿಸುತ್ತ ನಡೆದೆ. ಅಂಗಳ ಮುಟ್ಟುವವರೆಗೆ ಅವರು ಒಮ್ಮೆಯೂ ಹೆಜ್ಜೆ ತಡೆಯಲಿಲ್ಲ.