ನಿಂತ್ರೆ ಓಡುತ್ತೆ, ಓಡಿಸಿದ್ರೆ ನಿಲ್ಲುತ್ತೆ

"ನಿಂತ್ರೆ ಚೆನ್ನಾಗಿ ಓಡುತ್ತೆ ಮೇಷ್ಟ್ರೇ, ಓಡಿಸಿದ್ರೆ ನಿಂತೋಗುತ್ತೆ." ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿದ್ದ ವಾರದಲ್ಲಿ, ನಮ್ಮ ಬೀದಿಯವರೆಲ್ಲ ಹೂವಿನಣ್ಣ ಎಂದು ಕರೆಯುವ ನೆರೆಯವರು ತಮ್ಮ ಪಲ್ಸರ್ 180 ಬೈಕನ್ನು ತಳ್ಳಿಕೊಂಡು ಬಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿ ಹೇಳಿದ ಮಾತಿದು. ಗುಬ್ಬಿ ಕಡೆಯ ಹಳ್ಳಿಗಳಿಂದ ಸೇವಂತಿಗೆ, ಕನಕಾಂಬರಗಳನ್ನು ಬೆಳಗಿನ ಜಾವ ಚೀಲಗಳಲ್ಲಿ ಹೇರಿಕೊಂಡು ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ತಲುಪಿಸುವುದು ಅವರ ಜೀವನೋಪಾಯ. ಹೂವಿಗೆ ವರ್ಷದಲ್ಲೇ ಹೆಚ್ಚು ಬೆಲೆ ಬರುವ ದಿನಗಳಲ್ಲಿ ಗಾಡಿ ಹೀಗೆ ಕೈಕೊಟ್ಟಿದ್ದರಿಂದ ಅವರು ಆಟೋ ಬಾಡಿಗೆಗೆ ಹಿಡಿದು, ಬಂದ ಲಾಭವನ್ನೆಲ್ಲ ಆಟೋದವರಿಗೇ ಕೊಡುತ್ತಿದ್ದರು.

ಅವರ ಆ ಮಾತನ್ನು ಕೇಳಿದ ಕ್ಷಣದಿಂದ ನಾನು ಅದನ್ನೇ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದೇನೆ. ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಮೋಟಾರು ವಾಹನದ ಮೆಕ್ಯಾನಿಕ್ ವಿಭಾಗದ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದ ನನಗೆ, ಒಂದು ರೋಗಲಕ್ಷಣವನ್ನು ಇಷ್ಟು ಚೊಕ್ಕವಾಗಿ ಯಾವ ವಿದ್ಯಾರ್ಥಿಯೂ ಬರೆದುಕೊಟ್ಟ ನೆನಪಿಲ್ಲ. ಇದೇ ಮಾತನ್ನು ಅವರು ಗ್ಯಾರೇಜಿನಲ್ಲೂ ಹೇಳಿದ್ದರಂತೆ. ಅಲ್ಲಿ ಒಬ್ಬರು ನಕ್ಕರಂತೆ, ಇನ್ನೊಬ್ಬರು ಹ್ಯಾಂಡಲ್ ಹಿಡಿದು ಒಮ್ಮೆ ರೇಸ್ ಕೊಟ್ಟು ನೋಡಿ, "ರಿಂಗ್ ಹೋಗಿದೆ, ಇಂಜಿನ್ ಇಳಿಸ್ಬೇಕು, ಬೋರ್ ಮಾಡಿಸಿ ಪಿಸ್ಟನ್ ಹಾಕ್ಬೇಕು, 12,000 ಆಗುತ್ತೆ" ಎಂದರಂತೆ. 2007ರ ಗಾಡಿಗೆ ಅಷ್ಟು ಸುರಿಯುವ ಬದಲು ಮಾರಿಬಿಡಿ ಎಂಬ ಸಲಹೆಯೂ ಅದರ ಜೊತೆಗೇ ಬಂತಂತೆ.

ನನಗೆ ಕೋಪ ಬಂದದ್ದು ಆ ಮೊತ್ತವನ್ನು ಕೇಳಿ ಅಲ್ಲ. ಗಾಡಿಯ ಯಜಮಾನ ತನ್ನ ಬಾಯಾರೆ ಹೇಳಿದ ಸಾಕ್ಷ್ಯಕ್ಕೂ ಆ ತೀರ್ಮಾನಕ್ಕೂ ಯಾವ ಸಂಬಂಧವೂ ಇಲ್ಲವಲ್ಲ ಎಂಬುದು ನನ್ನನ್ನು ಕೆರಳಿಸಿತು. ಒತ್ತಡ ಸೋರದಂತೆ ಪಿಸ್ಟನ್ನಿನ ಸುತ್ತ ಹಾಕುವ ರಿಂಗ್ ಸವೆದ ಇಂಜಿನ್ನು ಮೊದಲು ತನ್ನ ಬಡತನವನ್ನು ತೋರಿಸುವುದೇ ಸ್ಟಾರ್ಟ್ ಮಾಡುವಾಗ ಮತ್ತು ಗಾಡಿ ನಿಂತಲ್ಲೇ ಇಂಜಿನ್ ಮೆಲ್ಲಗೆ ಓಡುವ ಐಡ್ಲಿಂಗ್‌ನಲ್ಲಿ: ತಣ್ಣಗಿರುವಾಗ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ, ಕಿಕ್ಕರ್ ತುಳಿದರೆ ಕಾಲಿಗೆ ಒತ್ತಡವೇ ತಾಗುವುದಿಲ್ಲ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಹೂವಿನಣ್ಣನ ಗಾಡಿಯಾದರೋ ಗುಂಡಿ ಒತ್ತಿದ ಕೂಡಲೇ ಹತ್ತಿಕೊಂಡಿತು. ಇಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರಿನ ಮುಳ್ಳು 1,400ರ ಆಸುಪಾಸಿನಲ್ಲಿ ಅಲುಗಾಡದೆ ನಿಂತಿತು. ನೀಲಿ ಹೊಗೆಯ ಸುಳಿವೂ ಇರಲಿಲ್ಲ. ಆಕ್ಸಿಲರೇಟರ್ ತಿರುಗಿಸಿದರೆ ಮಾತ್ರ ಇಂಜಿನ್ನು ಕೆಮ್ಮಲಿಲ್ಲ, ಸಿಡಿಯಲಿಲ್ಲ, ಭಾರವಾದ ಒಂದು ಹೂಂಕಾರ ಹೊರಡಿಸಿ, ನಾಲ್ಕು ಸಾವಿರದ ಕೆಳಗೇ ಉಳಿದುಬಿಟ್ಟಿತು. ಚೀಲ ಹೇರಿಕೊಂಡು ಮೇಲುಸೇತುವೆಯ ಏರು ಹತ್ತುವಾಗ ಅದು ಏದುಸಿರು ಬಿಟ್ಟು ನಿಂತೇಹೋಗುತ್ತದೆ ಎಂದರೆ ಆಶ್ಚರ್ಯವಿಲ್ಲ.

ನಿಂತಾಗ ಚೆನ್ನಾಗಿ ಓಡುತ್ತದೆ ಎಂಬ ಅರ್ಧ ವಾಕ್ಯವೇ ಎಷ್ಟೊಂದು ಅನುಮಾನಗಳನ್ನು ತೊಡೆದುಹಾಕುತ್ತದೆ ಎಂಬುದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಳೆಯ ಗಾಡಿ ಇಟ್ಟುಕೊಂಡ ಸಾವಿರಾರು ಮಂದಿ ಇದೇ ಜಾಗದಲ್ಲಿ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಐಡ್ಲಿಂಗ್ ಸ್ಥಿರವಾಗಿದೆ ಎಂದರೆ ವಾಲ್ವುಗಳು ಮುಚ್ಚಿಕೊಳ್ಳುತ್ತಿವೆ, ಕಿಡಿ ಹುಟ್ಟುತ್ತಿದೆ, ಇಂಜಿನ್ನಿಗೆ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿಲ್ಲ ಎಂದು ಅರ್ಥ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರಿನಲ್ಲಿ ಐಡ್ಲಿಂಗಿಗೆಂದೇ ಪೈಲಟ್ ಜೆಟ್ ಎಂಬ ಸಣ್ಣ ರಂಧ್ರದ ಹಿತ್ತಾಳೆಯ ಮೊಳೆಯೊಂದು ಇರುತ್ತದೆ. ಕೊಳೆ ಪೆಟ್ರೋಲಿನ ಕಸ ಸಾಮಾನ್ಯವಾಗಿ ಮೊದಲು ಕಟ್ಟಿಕೊಳ್ಳುವುದು ಅದರಲ್ಲಿಯೇ. ಈ ಕಾರಣಕ್ಕಾಗಿಯೇ, ಗೇಟಿನ ಬಳಿ ಸೇರಿದ್ದ ನೆರೆಯವರೊಬ್ಬರು ಇದೆಲ್ಲ ಎಥನಾಲ್ ಪೆಟ್ರೋಲಿನ ಕಾಟ ಎಂದಾಗ ನಾನು ಒಪ್ಪಲಿಲ್ಲ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟಂದಿನಿಂದ ಹಳೆಯ ಗಾಡಿಗಳವರಿಗೆ ತಮ್ಮ ರಬ್ಬರ್ ಪೈಪು, ಸೀಲುಗಳ ಬಗ್ಗೆ ಇರುವ ಆತಂಕ ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪೆಟ್ರೋಲೇ ಕೆಟ್ಟಿದ್ದರೆ ಮೊದಲು ಹದಗೆಡಬೇಕಾದದ್ದು ಐಡ್ಲಿಂಗ್. ಅದು ನೆಟ್ಟಗಿರುವಾಗ ಪೆಟ್ರೋಲಿನ ಮೇಲೆ ಹೊರಿಸಿದ ಆರೋಪ ಹೂವಿನಣ್ಣನ ಮಾತಿಗೆ ಉತ್ತರವಾಗುವುದಿಲ್ಲ.

ಹಾಗಾದರೆ ಓಡಿಸಿದಾಗ ಮಾತ್ರ ಬೇಕಾಗುವುದು ಏನು? ಹೆಚ್ಚು ಗಾಳಿ, ಅದಕ್ಕೆ ತಕ್ಕ ಹೆಚ್ಚು ಪೆಟ್ರೋಲ್, ಒತ್ತಡದಲ್ಲೂ ಆರದ ಕಿಡಿ, ಸುಟ್ಟ ಹೊಗೆ ಹೊರಹೋಗಲು ತೆರೆದ ದಾರಿ. ಇವಿಷ್ಟನ್ನೇ ನಾವು ಸಾಲಾಗಿ ವಿಚಾರಿಸಿಕೊಂಡೆವು. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದಾದ್ದರಿಂದ ಮುಚ್ಚಳ ತೆರೆದಿಟ್ಟೇ ರೇಸ್ ಕೊಟ್ಟೆವು; ವ್ಯತ್ಯಾಸವಾಗಲಿಲ್ಲ. ಓಡುವಾಗ ಪೆಟ್ರೋಲ್ ಕೊಡುವ ಮೇನ್ ಜೆಟ್ ಕಟ್ಟಿ ಪೆಟ್ರೋಲ್ ಸಾಲದೆ ಹೋಗಿದ್ದರೆ, ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಅರ್ಧ ಎಳೆದಾಗ ಸ್ವಲ್ಪವಾದರೂ ಚುರುಕಾಗಬೇಕಿತ್ತು, ಆಗಲಿಲ್ಲ. ಈ ಗಾಡಿಗೆ ಕಿಡಿ ಹುಟ್ಟಿಸುವ ಪ್ಲಗ್ ಎರಡು. ಎರಡನ್ನೂ ಬಿಚ್ಚಿ ಹೆಡ್ಡಿಗೆ ತಾಗಿಸಿ ನೋಡಿದಾಗ ಕಿಡಿ ನೀಲಿಯಾಗಿ, ಚಟಪಟ ಸದ್ದಿನೊಂದಿಗೆ ಹಾರಿತು. ಸೈಲೆನ್ಸರಿನ ಬಾಯಿಗೆ ಕೈ ಹಿಡಿದರೆ ಹೊಗೆ ಧಾರಾಳವಾಗಿ ತಳ್ಳುತ್ತಿತ್ತು. ಉಳಿದದ್ದು ಗಾಳಿಯ ದಾರಿ.

ಆಗ ನಾನು ಕೇಳಿದೆ: "ಯಾವಾಗಿಂದ ಹೀಗೆ?"

"ಸರ್ವೀಸಿಗೆ ಬಿಟ್ಟು ತಂದ್ಮೇಲೆ ಮೇಷ್ಟ್ರೇ. ಬಿಡೋಕ್ ಮುಂಚೆ ಸ್ವಲ್ಪ ಮೈಲೇಜ್ ಕಮ್ಮಿ ಅಂದಿದ್ದೆ ಅಷ್ಟೆ. ಕಾರ್ಬೊರೇಟರ್ ಕ್ಲೀನ್ ಮಾಡಿದೀವಿ ಅಂದ್ರು."

ಈ ಪ್ರಶ್ನೆಯನ್ನು ಗ್ಯಾರೇಜಿನಲ್ಲಿ ಯಾರೂ ಕೇಳಿರಲಿಲ್ಲ. ರೋಗ ಒಮ್ಮೆಲೇ ಬಂತೇ, ತಿಂಗಳುಗಟ್ಟಲೆ ನಿಧಾನವಾಗಿ ಏರಿತೇ ಎಂಬುದನ್ನು ಕೇಳದೆ ಸ್ಪ್ಯಾನರ್ ಹಿಡಿಯುವುದು, ನಾಡಿ ಮುಟ್ಟದೆ ಔಷಧಿ ಬರೆದಂತೆ. ರಿಂಗ್ ಸವೆಯುವುದು ವರ್ಷಗಳ ಕೆಲಸ. ಅದು ಸರ್ವೀಸಿಗೆ ಬಿಟ್ಟ ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಕೆಡುವುದಿಲ್ಲ.

ಕಾರ್ಬೊರೇಟರ್ ಮುಟ್ಟಿದ್ದಾರೆ ಎಂದು ತಿಳಿದ ಮೇಲೆ ನನ್ನ ಅನುಮಾನ ಒಂದೇ ಕಡೆ ಹೋಯಿತು. ಹಳೆಯ ಸರಳ ಕಾರ್ಬೊರೇಟರುಗಳಲ್ಲಿ ನಾವು ಆಕ್ಸಿಲರೇಟರ್ ತಿರುಗಿಸಿದರೆ ಕೇಬಲ್ ನೇರವಾಗಿ ಒಳಗೆ ಗಾಳಿಯ ದಾರಿಗೆ ಅಡ್ಡವಾಗಿರುವ ಸ್ಲೈಡ್ ಎಂಬ ತುಂಡನ್ನೇ ಮೇಲಕ್ಕೆಳೆಯುತ್ತದೆ. ಪಲ್ಸರಿನಂಥ ಗಾಡಿಗಳ ಸಿ.ವಿ. (ಕಾನ್ಸ್ಟೆಂಟ್ ವೆಲಾಸಿಟಿ) ಕಾರ್ಬೊರೇಟರಿನಲ್ಲಿ ಹಾಗಲ್ಲ. ಕೇಬಲ್ ತೆರೆಯುವುದು ಬಟರ್‌ಫ್ಲೈ ಎಂಬ ಒಂದು ತೆಳುವಾದ ಬಾಗಿಲನ್ನು ಮಾತ್ರ. ಸ್ಲೈಡನ್ನು ಮೇಲಕ್ಕೆತ್ತುವುದು ಇಂಜಿನ್ನಿನ ಉಸಿರೇ. ಸ್ಲೈಡಿನ ತಲೆಗೆ ಕಪ್ಪು ರಬ್ಬರಿನ ತೆಳು ಪೊರೆ, ಅಂದರೆ ಡಯಾಫ್ರಾಮ್ ಅಂಟಿಕೊಂಡಿರುತ್ತದೆ. ಸ್ಲೈಡಿನ ತಳದ ಸಣ್ಣ ತೂತಿನ ಮೂಲಕ ಡಯಾಫ್ರಾಮಿನ ಮೇಲಿನ ಕೋಣೆಯ ಗಾಳಿಯನ್ನು ಇಂಜಿನ್ನು ಹೀರಿಕೊಳ್ಳುತ್ತದೆ, ಕೆಳಗಡೆ ಹೊರಗಿನ ಗಾಳಿಯ ಒತ್ತಡವಿರುತ್ತದೆ, ಈ ಎರಡರ ವ್ಯತ್ಯಾಸವೇ ಸ್ಪ್ರಿಂಗಿನ ಬಲವನ್ನು ಮೀರಿ ಸ್ಲೈಡನ್ನೂ ಪೆಟ್ರೋಲಿನ ಹರಿವನ್ನು ಹದಮಾಡುವ ಅದರ ಸೂಜಿಯನ್ನೂ ಎತ್ತುತ್ತದೆ. ಇಂಗ್ಲೆಂಡಿನ ಸ್ಕಿನ್ನರ್ ಸೋದರರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇದೇ ತತ್ತ್ವದ ಕಾರ್ಬೊರೇಟರನ್ನು ರೂಪಿಸಿದಾಗ ಅದರೊಳಗೆ ರಬ್ಬರ್ ಇರಲಿಲ್ಲ, ಚರ್ಮದ ತಿದಿಯಿತ್ತು. ಅವರದು ಪಾದರಕ್ಷೆ ವ್ಯಾಪಾರದ ಮನೆತನ. ಚರ್ಮವಾಗಲಿ ರಬ್ಬರಾಗಲಿ, ತೂತು ಬಿದ್ದರೆ ಕೆಲಸ ಕೆಟ್ಟಿತು: ಮೇಲೆ ಕೆಳಗೆ ಒತ್ತಡ ಸಮವಾಗಿ ಸ್ಲೈಡ್ ಕೂತಲ್ಲೇ ಕೂತಿರುತ್ತದೆ. ಪೈಲಟ್ ಜೆಟ್ಟಿಗೆ ಸ್ಲೈಡಿನ ಹಂಗಿಲ್ಲದ್ದರಿಂದ ಐಡ್ಲಿಂಗ್ ಮಾತ್ರ ಏನೂ ಆಗಿಲ್ಲವೆಂಬಂತೆ ನಡೆಯುತ್ತಿರುತ್ತದೆ. ನಿಂತರೆ ಓಡುತ್ತದೆ, ಓಡಿಸಿದರೆ ನಿಲ್ಲುತ್ತದೆ.

ಏರ್ ಫಿಲ್ಟರಿನ ರಬ್ಬರ್ ಡಕ್ಟನ್ನು ಸಡಿಲಿಸಿ ಹಿಂದಕ್ಕೆ ಸರಿಸಿ ಕಾರ್ಬೊರೇಟರಿನ ಬಾಯಿ ಕಾಣುವಂತೆ ಮಾಡಿದೆವು. ಪಿಯುಸಿ ಓದುತ್ತಿರುವ ಹೂವಿನಣ್ಣನ ಮಗಳು ಮೊಬೈಲಿನ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಿದ್ದಳು. ಅವಳಪ್ಪ ಆಕ್ಸಿಲರೇಟರ್ ತಿರುಗಿಸಿದರು. "ಸಾರ್, ಅದು ಅಲ್ಲೇ ನಡುಗ್ತಿದೆ, ಮೇಲೇಳ್ತಾನೇ ಇಲ್ಲ" ಎಂದಳು. ಏನು ನೋಡಬೇಕೆಂದು ಒಮ್ಮೆ ಹೇಳಿದ್ದಕ್ಕೆ, ನಡುಗುವುದನ್ನೂ ಏಳದಿರುವುದನ್ನೂ ಎರಡಾಗಿ ಬಿಡಿಸಿ ಹೇಳಿದ ಆ ಹುಡುಗಿಯ ಕಣ್ಣು ನನಗೆ ಬಹಳ ಮೆಚ್ಚುಗೆಯಾಯಿತು. ಬಟರ್‌ಫ್ಲೈ ಪೂರ್ತಿ ತೆರೆದಿರುವಾಗಲೇ ನಾನು ಬೆರಳಿನಿಂದ ಸ್ಲೈಡನ್ನು ನಿಧಾನವಾಗಿ ಮೇಲಕ್ಕೊತ್ತಿದೆ. ಇಂಜಿನ್ನು ಒಮ್ಮೆಲೇ ಎಚ್ಚೆತ್ತು ಟ್ಯಾಕೋಮೀಟರಿನ ಮುಳ್ಳು ಆರು ಸಾವಿರ ದಾಟಿತು. ಹೂವಿನಣ್ಣ ಬೆಚ್ಚಿ ಕೈಬಿಟ್ಟರು. ಬೋರ್ ಹೋಗಿದೆ, ರಿಂಗ್ ಹೋಗಿದೆ ಎಂದಿದ್ದ ಇಂಜಿನ್ನು ಅದೇ.

ಮೇಲಿನ ಮುಚ್ಚಳದ ಸ್ಕ್ರೂ ತೆಗೆದು ಡಯಾಫ್ರಾಮನ್ನು ಹೊರತೆಗೆದರೆ, ಅದರ ಅಂಚು ಉಬ್ಬಿ ಅಲೆಅಲೆಯಾಗಿತ್ತು. ಅದು ಕೂರಬೇಕಾದ ತೋಡು ಆ ಉಬ್ಬಿದ ಅಂಚಿಗೆ ಸಾಲುತ್ತಿರಲಿಲ್ಲ. ಮುಚ್ಚಳದ ಅಡಿಗೆ ಸಿಕ್ಕಿದ ಒಂದು ಮಡಿಕೆಯಲ್ಲಿ ಉಗುರಿನುದ್ದದ ಸೀಳು, ಬಿಸಿಲಿಗೆ ಹಿಡಿದರೆ ಅದರಲ್ಲಿ ಬೆಳಕು ತೂರಿ ಬರುತ್ತಿತ್ತು. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇಯನ್ನು ಡಯಾಫ್ರಾಮ್ ಬಿಚ್ಚದೆ ಹೊಡೆದಾಗ ರಬ್ಬರ್ ಹೀಗೆಯೇ ಉಬ್ಬುತ್ತದೆ. ಉಬ್ಬಿದ್ದನ್ನು ಒತ್ತಿ ಕೂರಿಸಿ ಸ್ಕ್ರೂ ಬಿಗಿದಾಗ ಹೀಗೆಯೇ ಸೀಳುತ್ತದೆ. ಅಷ್ಟು ವರ್ಷ ಬಿಸಿಯನ್ನೂ ಪೆಟ್ರೋಲಿನ ಆವಿಯನ್ನೂ ತಡೆದುಕೊಂಡಿದ್ದ ರಬ್ಬರು ಸರ್ವೀಸಿನ ದಿನ ಹರಿಯಿತು. ಕೆಲವು ನೂರು ರೂಪಾಯಿಯ ಹೊಸ ಸ್ಲೈಡ್ ಮತ್ತು ಡಯಾಫ್ರಾಮಿನ ಜೋಡಿ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೇ ಸಿಕ್ಕಿತು. ಮರುದಿನದ ಬೆಳಗಿನ ಜಾವಕ್ಕೆ ಹೂವಿನ ಚೀಲಗಳು ಮತ್ತೆ ಪಲ್ಸರಿನ ಮೇಲೇರಿದವು.

ಇಲ್ಲಿಗೆ ಗಾಡಿಯ ಕಥೆ ಮುಗಿಯಿತಾದರೂ ನನಗೆ ಸಮಾಧಾನವಾಗಲಿಲ್ಲ. ಕೆಡಿಸಿದವರೇ 12,000ದ ಕೆಲಸ ಹೇಳಿದರಲ್ಲ, ಹೋಗಿ ಕೇಳೋಣ ಬನ್ನಿ ಎಂದರೆ ಹೂವಿನಣ್ಣ ಒಪ್ಪಲಿಲ್ಲ. "ಬಿಡಿ ಮೇಷ್ಟ್ರೇ, ಸರ್ವೀಸ್ ಮಾಡಿದ್ ಹುಡುಗ ನಮ್ಮೂರ್ ಕಡೆಯೋನು" ಎಂದರು. ಅವರ ದೊಡ್ಡ ಮನಸ್ಸಿಗೆ ನಾನು ತಲೆಬಾಗುತ್ತೇನೆ, ಆದರೆ ಈ ಬಿಡಿ ಎನ್ನುವ ಗುಣದಿಂದಲೇ ನಮ್ಮ ರಿಪೇರಿಯ ಮಟ್ಟ ಇಳಿಯುತ್ತಿದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. 2020ರ ಏಪ್ರಿಲ್ 1ರಿಂದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವು ಕಾರ್ಬೊರೇಟರ್ ಇಲ್ಲದ, ಫ್ಯೂಯಲ್ ಇಂಜೆಕ್ಷನ್ನಿನವು. ಈಗ ಕೆಲಸಕ್ಕೆ ಸೇರುವ ಹುಡುಗರು ಸ್ಕ್ಯಾನರ್ ಚುಚ್ಚಿ ಕೋಡ್ ಓದುವುದನ್ನು ಕಲಿಯುತ್ತಾರೆ, ಕಾರ್ಬೊರೇಟರನ್ನು ಯಾರೂ ಅವರ ಕೈಗೆ ಕೊಟ್ಟು ಬಿಡಿಸಿ ತೋರಿಸುವುದಿಲ್ಲ. ರಸ್ತೆಯಲ್ಲಿ ಕಾರ್ಬೊರೇಟರಿನ ಗಾಡಿಗಳು ಮಾತ್ರ ಇನ್ನೂ ಲೆಕ್ಕವಿಲ್ಲದಷ್ಟು ಓಡುತ್ತಿವೆ, ಮತ್ತು ಅವುಗಳಲ್ಲಿ ಬಹುಪಾಲು ಹೊಸದು ಕೊಳ್ಳಲಾಗದವರ ಗಾಡಿಗಳು. ಸ್ಕ್ಯಾನರ್ ಇಲ್ಲದ ಗಾಡಿಗೆ ಕೋಡ್ ಹೇಳುವವನು ಅದನ್ನು ದಿನವೂ ಓಡಿಸುವ ಮನುಷ್ಯನೇ. ಅವನ ಮಾತಿಗೆ ನಗುವ ಗ್ಯಾರೇಜು ತನ್ನ ಬಳಿಯಿದ್ದ ಅತ್ಯುತ್ತಮ ಉಪಕರಣವನ್ನೇ ಹೊರಗೆಸೆಯುತ್ತಿದೆ. ನಾವು ಮೇಷ್ಟ್ರುಗಳೂ ಪರೀಕ್ಷೆಯಲ್ಲಿ ಕಾರ್ಬೊರೇಟರಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ಹೇಳುತ್ತಿದ್ದೆವು. ಗಿರಾಕಿಯ ದೂರನ್ನು ಅವನ ಮಾತಿನಲ್ಲೇ ಬರೆದುಕೊಳ್ಳಿ ಎಂಬ ಪ್ರಶ್ನೆ ಪಠ್ಯಕ್ರಮದಲ್ಲಿ ಇರಲೇ ಇಲ್ಲ, ಇರಬೇಕಿತ್ತು.

ಕೊನೆಗೆ ಹರಿದ ಡಯಾಫ್ರಾಮನ್ನು ಕಾಗದದಲ್ಲಿ ಸುತ್ತಿಕೊಂಡು ನಾನೊಬ್ಬನೇ ಆ ಗ್ಯಾರೇಜಿಗೆ ಹೋದೆ. ಮಾಲೀಕರು, "ಇಂಜಿನ್ ಹೋಗಿದೆ ಅಂತ ನಾನೆಲ್ಲಿ ಹೇಳ್ದೆ ಸಾರ್, ಬಿಚ್ಚಿ ನೋಡ್ಬೇಕು ಅಂದೆ" ಎಂದು ಫೋನ್ ಹಿಡಿದು ಒಳಗೆ ಹೋದರು. ಅವರೊಂದಿಗೆ ಮಾತು ಬೆಳೆಸುವುದರಲ್ಲಿ ಅರ್ಥವಿರಲಿಲ್ಲ. ಹುಡುಗ ಮಾತ್ರ ಕೈ ಒರೆಸಿಕೊಂಡು ಬಂದು ರಬ್ಬರನ್ನು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದ.

"ಸ್ಪ್ರೇ ಹೊಡೆದ್ರೆ ಉಬ್ಬುತ್ತಾ ಸಾರ್? ಡಬ್ಬದ ಮೇಲೆ ಕಾರ್ಬೊರೇಟರ್‌ಗೆ ಅಂತಾನೇ ಬರ್ದಿದೆ."

"ಅದು ಲೋಹಕ್ಕೆ ಕಣಪ್ಪಾ. ಮೊದಲು ಮೇಲಿನ ಮುಚ್ಚಳ ಬಿಚ್ಚಿ ಡಯಾಫ್ರಾಮ್ ಪಕ್ಕಕ್ಕಿಡು, ಆಮೇಲೆ ಸ್ಪ್ರೇನಾದ್ರೂ ಹೊಡಿ, ಗಾಳಿನಾದ್ರೂ ಹೊಡಿ."

"ಪ್ರತಿ ಗಾಡಿಗೂ ಬಿಚ್ಚಬೇಕಾ? ದಿನಕ್ಕೆ ಎಷ್ಟೊಂದು ಗಾಡಿ ಬರುತ್ತೆ ಸಾರ್."

"ಪ್ರತಿ ಗಾಡಿಗೂ ಬಿಚ್ಚಬೇಕು" ಎಂದೆ. ಅವನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಇನ್ನೊಂದು ಪಲ್ಸರಿನ ಕಡೆ ನೋಡಿ, ಅದಕ್ಕೆ ಬೆಳಿಗ್ಗೆ ತಾನೇ ಸ್ಪ್ರೇ ಹೊಡೆದದ್ದಾಗಿ ಹೇಳಿ, ಸ್ಕ್ರೂಡ್ರೈವರ್ ತರಲು ಹೋದ.