ಧರಣಿಗೆ ಹೊರಡುವ ಮುಂಚೆ ಓದಿದ ಲೆಕ್ಕ

ಮೂಡಿಗೆರೆ ಕಡೆ ಕಾಫಿ ತೋಟಗಳ ನಡುವೆ ನಾನು ಆಶಾ ಕಾರ್ಯಕರ್ತೆ. 2020ರ ಜುಲೈನಲ್ಲಿ, ಕೋವಿಡ್ ಕಾಲದಲ್ಲೇ, ತಿಂಗಳಿಗೆ 12 ಸಾವಿರ ಗೌರವಧನ ಕೇಳಿ ಕೆಲಸ ನಿಲ್ಲಿಸಿದ್ದೆವು. ಊರಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಪೇಪರ್‌ನಲ್ಲಿ ಬಂದಿದೆಯಲ್ಲ ಅನ್ನೋ ಧೈರ್ಯ. ತೋಟದ ಕೂಲಿಯವರ ಲೈನ್ ಮನೆಯ ಬಾಣಂತಿಯೊಬ್ಬಳ ಅತ್ತೆ ದಾರಿಗೆ ಅಡ್ಡ ನಿಂತು, "ಸರ್ಕಾರಿ ಸಂಬಳ ತಗೊಂಡು ಮನೇಲಿ ಕೂತಿದ್ದೀಯಲ್ಲ" ಅಂದಳು. ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಗುಲಾಬಿ ಸೀರೆ ಉಟ್ಟು ರಿಜಿಸ್ಟರ್ ಹಿಡಿದು ಓಡಾಡುವವಳಿಗೆ ಸಂಬಳವೇ ಇಲ್ಲ, ಸಿಗೋದು ಗೌರವಧನ, ಪ್ರೋತ್ಸಾಹಧನ ಅಷ್ಟೇ ಅಂತ ಆಕೆಗೆ ಹೇಗೆ ಗೊತ್ತಾಗಬೇಕು?

2025ರ ಜನವರಿ 7ರಿಂದ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಅಂತ ತೀರ್ಮಾನವಾದಾಗ, ಒಂದು ವಾರ ಮುಂಚೆಯೇ ಡೈರಿ ಹಿಡಿದು ಮನೆ ಮನೆಗೆ ಹೋದೆ. ಭಾಷಣ ನನಗೆ ಬರಲ್ಲ, ಲೆಕ್ಕ ಓದಿದೆ. ಆಗ ರಾಜ್ಯ ಕೊಡುತ್ತಿದ್ದ ಗೌರವಧನ ತಿಂಗಳಿಗೆ 5 ಸಾವಿರ. ಉಳಿದದ್ದು ಕೆಲಸಕ್ಕಿಷ್ಟು ಅಂತ ಪ್ರೋತ್ಸಾಹಧನ, ಅದೂ ಮಾಡಿದ ಕೆಲಸ ಸರ್ಕಾರದ ಆನ್‌ಲೈನ್ ಪೋರ್ಟಲ್‌ಗೆ ಸರಿಯಾಗಿ ಏರಿದರೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 42 ದಿನದೊಳಗೆ 6 ಸಲ ಮನೆಗೆ ಹೋಗಿ ನೋಡಿ ಬಂದರೆ 250 ರೂಪಾಯಿ.

ಅದೇ ಅತ್ತೆ ಇಲ್ಲಿ ತಡೆದಳು. "ಆರು ಸಲಕ್ಕಾ? ಒಂದು ದಿನ ಹಣ್ಣು ಕುಯ್ದರೆ ನಂಗೇ ಅದಕ್ಕಿಂತ ಜಾಸ್ತಿ ಬರುತ್ತಲ್ಲೇ!"

ಈ ಸಲ ತಿಂಗಳಿಗೆ 15 ಸಾವಿರ ಯಾಕೆ ಕೇಳ್ತಿದ್ದೇವೆ ಅಂತ ಮುಂದೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಆದರೆ ಅವಳ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು: ದಿನ ತುಂಬಿದ ಹೆಂಗಸರನ್ನು ಯಾರು ನೋಡ್ತಾರೆ? ಅಂಥವರು ಇಬ್ಬರಿದ್ದರು. ಅವರ ಮನೆ ಕ್ಯಾಲೆಂಡರ್ ಮೇಲೆ ನರ್ಸಮ್ಮನ ನಂಬರು, 108, ಎರಡನ್ನೂ ದೊಡ್ಡದಾಗಿ ಬರೆದೆ. ತೋಟದ ಸಾಹುಕಾರರು ಬೆಂಬಲ ಗಿಂಬಲ ಅಂತ ಏನೂ ಹೇಳಲಿಲ್ಲ. "ರಾತ್ರಿ ಬೇಕಾದ್ರೆ ಜೀಪು ಕಳಿಸ್ತೀನಿ, ನೀನು ಹೋಗಿ ಬಾ" ಅಂದರು. ನನಗೆ ಅಷ್ಟು ಸಾಕಾಗಿತ್ತು.

ಬೆಂಗಳೂರು ಬಸ್ಸಿನಲ್ಲಿ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಕೊಡುತ್ತಾ ಕಂಡಕ್ಟರ್ ನಮ್ಮ ಸೀರೆ ನೋಡಿ ನಕ್ಕರು. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಸರ್ಕಾರಿ ನೌಕರರಷ್ಟೇ ಸಂಬಳ ಬೇಕು ಅಂತ ಎರಡು ವಾರ ಬಸ್ ನಿಲ್ಲಿಸಿದ್ದು ನೆನಪಿರಬಹುದು. "ಆರನೇ ವೇತನ ಆಯೋಗ ಅಂತ ಕೂಗಿದ್ವಿ, ಜನಕ್ಕೆ ಅದು ಎಲ್ಲಿ ಅರ್ಥ ಆಗ್ಬೇಕು? ಯುಗಾದಿಗೆ ಊರಿಗೆ ಹೋಗೋಕೆ ಬಸ್ಸಿಲ್ಲ, ಅವರಿಗೆ ಕಂಡಿದ್ದು ಅಷ್ಟೇ. ಚೆನ್ನಾಗಿ ಬೈಸ್ಕೊಂಡ್ವಿ" ಅಂದರು. ಎರಡು ದಿನದ ಹಿಂದಷ್ಟೇ ಟಿಕೆಟ್ ದರ ಏರಿತ್ತು. ಹಿಂದಿನ ಸೀಟಿನ ಗಂಡಸರು ಅವತ್ತೂ ಅವರನ್ನೇ ಬೈಯುತ್ತಿದ್ದರು, ಪಾಪ.

10ನೇ ತಾರೀಖು ಮುಖ್ಯಮಂತ್ರಿಗಳ ಜೊತೆ ಮಾತುಕತೆಯಾಗಿ, ಏಪ್ರಿಲ್‌ನಿಂದ ಕನಿಷ್ಠ 10 ಸಾವಿರ ಎಂಬ ಭರವಸೆ ಸಿಕ್ಕಿ ಧರಣಿ ಮುಗಿಯಿತು. ಊರಿಗೆ ಬಂದ ಮಾರನೇ ದಿನ ಆ ಅತ್ತೆ ಹಣ್ಣಿನ ಚೀಲ ಕೆಳಗಿಟ್ಟು ಕೇಳಿದಳು.

"ಬರೆದು ಕೊಟ್ಟಿದ್ದಾರಾ?"

"ಬಾಯಲ್ಲಿ ಹೇಳಿದ್ದನ್ನ ಕೇಳ್ಕೊಂಡು ಬಂದೆ."

"ಸರಿ, ಮೇ ತಿಂಗಳಲ್ಲಿ ಆ ಡೈರಿ ತಗೊಂಡು ಬಾ, ಇನ್ನೊಂದ್ಸಲ ಓದುವಂತೆ."